ಚಿತ್ರ ಬರೆಯುವ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ಈ ಅಂಕಣಕ್ಕೆ ಒಂದೇ ಥರದ ಪತ್ರಗಳು ಬರೋಕೆ ಶುರುವಾಗುತ್ತವೆ. ‘ಮಗಳು ಚಿಕ್ಕಂದಿನಿಂದ ಚೆನ್ನಾಗಿ ಚಿತ್ರ ಬರೀತಾಳೆ. ಈಗ ಡಿಸೈನ್ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಓದಿದ್ರೆ ಕೆಲಸ ಸಿಗುತ್ತಾ?’ ಬರೆಯುವವರು ಹೆಚ್ಚಾಗಿ ಅಮ್ಮಂದಿರು. ಕೊನೆಯ ಸಾಲಿನಲ್ಲಿ ‘ಅವರಪ್ಪನಿಗೆ ಮಾತ್ರ ಸುತರಾಂ ಇಷ್ಟವಿಲ್ಲ’ ಅಂತ ಇದ್ದೇ ಇರುತ್ತೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಧಾನವಾಗಿ ಮಾತಾಡೋಣ. ಕೆಲಸ ಸಿಗುತ್ತೆ. ಆದರೆ ಚಿತ್ರ ಚೆನ್ನಾಗಿದೆ ಅನ್ನೋ ಒಂದೇ ಕಾರಣಕ್ಕೆ ಸಿಗೋದಿಲ್ಲ, ಕಾಲೇಜಿನ ಕಟ್ಟಡ ದೊಡ್ಡದಿತ್ತು ಅಂತಲೂ ಸಿಗೋದಿಲ್ಲ. ಇನ್ನೊಬ್ಬರ ತೊಂದರೆಯನ್ನು ಕೂತು ಯೋಚಿಸಿ, ಅದಕ್ಕೊಂದು ರೂಪ ಕೊಟ್ಟು, ‘ಇದನ್ನ ಹೀಗೆ ಮಾಡಿದೆ, ಯಾಕೆ ಅಂದ್ರೆ...’ ಅಂತ ತೋರಿಸಬಲ್ಲವರಿಗೆ ಸಿಗುತ್ತೆ. ಇಷ್ಟು ತಿಳಿಯದೆ ಎಷ್ಟೋ ಮನೆಗಳಲ್ಲಿ ಲಕ್ಷಗಟ್ಟಲೆ ಸಾಲ ಮಾಡಿಬಿಡುತ್ತಾರೆ. ಇನ್ನೆಷ್ಟೋ ಮನೆಗಳಲ್ಲಿ ಒಳ್ಳೆ ಕೈ ಇರುವ ಮಗುವನ್ನು ಸುಮ್ಮನೆ ಬಿ.ಕಾಂ.ಗೆ ಹಾಕಿ ಕೂರಿಸುತ್ತಾರೆ. ಎರಡೂ ನಷ್ಟವೇ.

ಚೊಂಬಿನಿಂದ ಶುರು ಮಾಡೋಣ

1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಬರೆದುಕೊಟ್ಟರು. ದೇಶವೆಲ್ಲ ಸುತ್ತಿದ ಅವರು ಆ ವರದಿಯಲ್ಲಿ ಮನಸಾರೆ ಮೆಚ್ಚಿಕೊಂಡ ವಸ್ತು ಯಾವುದು ಗೊತ್ತಾ? ನಮ್ಮ ಚೊಂಬು! ಬಚ್ಚಲಲ್ಲಿ, ದೇವರ ಮನೆಯಲ್ಲಿ, ಊಟದ ಎಲೆ ಪಕ್ಕದಲ್ಲಿ ಇರುತ್ತಲ್ಲ, ಅದೇ.

ಇಂಥದ್ದೊಂದು ಚೊಂಬನ್ನು ಹೊಸದಾಗಿ ಮಾಡಬೇಕಾದರೆ ಏನೇನು ಯೋಚಿಸಬೇಕು ಅಂತ ಅವರು ಉದ್ದಕ್ಕೆ ಪಟ್ಟಿ ಮಾಡಿದ್ದರು. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು, ಎಷ್ಟು ಬಲದ್ದು? ತಲೆ ಮೇಲೆ ಹೊರುತ್ತಾರಾ, ಸೊಂಟದ ಮೇಲಾ? ತುಂಬಿದಾಗ, ಖಾಲಿಯಾದಾಗ ಭಾರ ಎಲ್ಲಿ ನಿಲ್ಲುತ್ತೆ? ತೊಳೆಯೋಕೆ ಒಳಗೆ ಕೈ ಹೋಗುತ್ತಾ? ಬಿಸಿ ನೀರು ಹಾಕಿದರೆ ಹಿಡಿಯೋಕಾಗುತ್ತಾ? ಬೆಲೆ ಎಷ್ಟು? ಹಳೇದಾದ ಮೇಲೆ ಮಾರಿದರೆ ಎಷ್ಟು ಬರುತ್ತೆ? ಇದಕ್ಕೆಲ್ಲ ಯಾರೋ ಒಬ್ಬರು ಒಂದೇ ದಿನ ಉತ್ತರ ಕಂಡುಹಿಡಿದದ್ದಲ್ಲ, ತಲೆತಲಾಂತರದ ಜನ ತಿದ್ದಿ ತಿದ್ದಿ ಆ ರೂಪಕ್ಕೆ ತಂದರು ಅನ್ನುವುದು ಅವರ ಮಾತು.

ಈ ವರದಿಯ ಆಧಾರದ ಮೇಲೆಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಶುರುವಾಯಿತು.

ಚೊಂಬಿನ ಕಥೆ ಯಾಕೆ ಹೇಳಿದೆ ಅಂದರೆ, ಆ ಪಟ್ಟಿಯಲ್ಲಿ ‘ಚಿತ್ರ ಬರೆಯೋಕೆ ಬರುತ್ತಾ?’ ಅನ್ನುವ ಪ್ರಶ್ನೆಯೇ ಇಲ್ಲ. ಡಿಸೈನ್ ಅಂದರೆ ಮೊದಲು ಪ್ರಶ್ನೆ ಕೇಳುವುದು. ಪೆನ್ಸಿಲ್ ಬರುವುದು ಆಮೇಲೆ.

ಮೂರು ಹೆಸರು, ಮೂರು ದಾರಿ

ಕಲೆಯ ಓದು ಅಂದರೆ ಎಲ್ಲವೂ ಒಂದೇ ಅಂದುಕೊಳ್ಳುವವರು ಬಹಳ ಜನ. ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಲಲಿತಕಲೆ: ಚಿತ್ರಕಲೆ, ಶಿಲ್ಪ, ಗ್ರಾಫಿಕ್ ಮುದ್ರಣ. ಇಲ್ಲಿ ಕಲಾವಿದನೇ ತನಗೆ ಪ್ರಶ್ನೆ ಹಾಕಿಕೊಳ್ಳುತ್ತಾನೆ, ತಾನೇ ಉತ್ತರಿಸುತ್ತಾನೆ.

ಎರಡು, ಅನ್ವಯಿಕ ಕಲೆ, ಅಂದರೆ ಅಪ್ಲೈಡ್ ಆರ್ಟ್. ಹಿಂದೆ ಇದಕ್ಕೆ ಕಮರ್ಷಿಯಲ್ ಆರ್ಟ್ ಅಂತಿದ್ದರು. ಅಕ್ಷರ ವಿನ್ಯಾಸ, ಪುಸ್ತಕದ ಮುಖಪುಟ, ಜಾಹೀರಾತು, ಲೋಗೋ, ಪೊಟ್ಟಣದ ಮೇಲಿನ ಲೇಬಲ್, ಕಥೆಗೆ ರೇಖಾಚಿತ್ರ, ಫೋಟೋಗ್ರಫಿ, ಮುದ್ರಣ ಎಲ್ಲ ಇದರಲ್ಲಿ ಬರುತ್ತವೆ. ಇಲ್ಲಿ ಪ್ರಶ್ನೆ ಬೇರೆಯವರದು. ಉತ್ತರ ಹುಡುಕೋದು ನಿಮ್ಮ ಮಗಳ ಕೆಲಸ.

ಮೂರು, ಡಿಸೈನ್. ಅನ್ವಯಿಕ ಕಲೆ ಬಹುಪಾಲು ಕಣ್ಣಿಗೆ ಕಾಣುವ ಸಂದೇಶಕ್ಕೆ ಸಂಬಂಧಪಟ್ಟದ್ದಾದರೆ, ಡಿಸೈನ್ ಇನ್ನೂ ಹರಡಿಕೊಂಡಿದೆ. ಕುರ್ಚಿ, ಮಿಕ್ಸಿ, ಬಟ್ಟೆ, ಒಡವೆ, ಆಟಿಕೆ, ಮೊಬೈಲ್ ಆ್ಯಪ್, ಮ್ಯೂಸಿಯಂ ಒಳಗಿನ ಜೋಡಣೆ ಎಲ್ಲವೂ ಇದರೊಳಗೇ ಬರುತ್ತವೆ.

ಮೊದಲ ಎರಡಕ್ಕೆ ನಮ್ಮಲ್ಲಿ ಬಿ.ವಿ.ಎ. ಪದವಿ ಇದೆ, ದೃಶ್ಯಕಲೆಯ ಪದವಿ. 4 ವರ್ಷ. ಶುರುವಿನಲ್ಲಿ ಎಲ್ಲರಿಗೂ ಒಂದೇ ಬುನಾದಿ ಪಾಠ, ಆಮೇಲೆ ವಿಭಾಗ ಆರಿಸಿಕೊಳ್ಳುವುದು. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು (ಎಲ್ಲರ ಬಾಯಲ್ಲಿ ‘ಕಾವಾ’), ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು, ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜು ಹೀಗೆ ಹೆಸರಿರುವ ಜಾಗಗಳು ನಮ್ಮ ರಾಜ್ಯದಲ್ಲೇ ಇವೆ. ಡಿಸೈನ್‌ಗೆ ಬಿ.ಡೆಸ್. ಪದವಿ. ಅದೂ 4 ವರ್ಷ. ಎನ್‌ಐಡಿ, ಫ್ಯಾಷನ್‌ಗೆ ಹೆಸರಾದ ನಿಫ್ಟ್, ಕೆಲವು ಐಐಟಿಗಳು, ಜೊತೆಗೆ ಬೇಕಾದಷ್ಟು ಖಾಸಗಿ ಕಾಲೇಜುಗಳು.

ಗಮನಿಸಿ: ಬೆಂಗಳೂರಿನಲ್ಲಿ ಎನ್‌ಐಡಿ ಇದೆ ಅಂತ ಪಿಯುಸಿ ಆದ ತಕ್ಷಣ ಅಲ್ಲಿ ಸೇರೋಕಾಗೋದಿಲ್ಲ. ಬೆಂಗಳೂರಿನಲ್ಲಿ ಇರೋದು ಸ್ನಾತಕೋತ್ತರ ತರಗತಿ. ಬಿ.ಡೆಸ್.ಗೆ ಅಹಮದಾಬಾದಿಗೋ, ಆಂಧ್ರ, ಮಧ್ಯಪ್ರದೇಶ, ಹರಿಯಾಣ, ಅಸ್ಸಾಂಗಳಲ್ಲಿರುವ ಎನ್‌ಐಡಿಗಳಿಗೋ ಹೋಗಬೇಕು.

ರಿಸಲ್ಟ್ ಬಂದ ಮೇಲೆ ಎದ್ದರೆ ತಡ

ನಮ್ಮ ಕಡೆಯ ಮಕ್ಕಳು ಜಾಸ್ತಿ ಎಡವೋದು ಇಲ್ಲೇ. ದೊಡ್ಡ ಸಂಸ್ಥೆಗಳ ಪ್ರವೇಶ ಪರೀಕ್ಷೆಗಳು ಪಿಯುಸಿ ರಿಸಲ್ಟಿಗೆ ಕಾಯೋದಿಲ್ಲ. ಐಐಟಿಗಳ ಬಿ.ಡೆಸ್.ಗೆ ಇರುವ ‘ಯುಸೀಡ್’ ಪರೀಕ್ಷೆಯನ್ನು ಐಐಟಿ ಬಾಂಬೆ ನಡೆಸುತ್ತೆ. ಅದು ಸಾಮಾನ್ಯವಾಗಿ ಜನವರಿಯಲ್ಲಿ. ಅರ್ಜಿ ಹಾಕುವುದು ಅದಕ್ಕೂ ಎರಡು ಮೂರು ತಿಂಗಳು ಮೊದಲು. ಎನ್‌ಐಡಿ, ನಿಫ್ಟ್ ಅರ್ಜಿಗಳದ್ದೂ ಹೆಚ್ಚುಕಮ್ಮಿ ಅದೇ ಕಾಲ. ಅಂದರೆ ದ್ವಿತೀಯ ಪಿಯುಸಿಯ ದಸರಾ ರಜೆಯ ಹೊತ್ತಿಗೇ ಮನೆಯಲ್ಲಿ ಈ ಮಾತು ಆಗಿರಬೇಕು. ಮೇ ತಿಂಗಳಲ್ಲಿ ಪತ್ರ ಬರೆದು ‘ಐಐಟಿಯಲ್ಲಿ ಡಿಸೈನ್ ಇದೆಯಂತಲ್ಲ?’ ಅಂತ ಕೇಳಿದರೆ ನಾನು ‘ಮುಂದಿನ ವರ್ಷ’ ಅಂತಲೇ ಬರೆಯಬೇಕಾಗುತ್ತೆ.

ಸಮಾಧಾನದ ವಿಷಯವೂ ಇದೆ. ಯುಸೀಡ್ ಬರೆಯೋಕೆ ಸೈನ್ಸೇ ಆಗಬೇಕು ಅಂತಿಲ್ಲ, ಕಾಮರ್ಸ್, ಆರ್ಟ್ಸ್ ಮಕ್ಕಳೂ ಬರೆಯಬಹುದು. ಸತತ ಎರಡು ವರ್ಷ ಬರೆಯೋಕೆ ಅವಕಾಶವಿದೆ. ಕಂಪ್ಯೂಟರ್ ಮೇಲಿನ ಪ್ರಶ್ನೆಗಳ ಜೊತೆಗೆ ಕೈಯಲ್ಲಿ ಬರೆದು ತೋರಿಸುವ ಭಾಗವೂ ಇರುತ್ತೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ, ಹಾಗಾಗಿ ಕನ್ನಡ ಮಾಧ್ಯಮದ ಮಕ್ಕಳು ಹಳೆಯ ಪತ್ರಿಕೆಗಳನ್ನು ಇಟ್ಟುಕೊಂಡು ಓದುವ ರೂಢಿ ಮಾಡಿಕೊಳ್ಳಬೇಕು. ಹಳೆಯ ಪತ್ರಿಕೆಗಳು ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ. ಕೋಚಿಂಗ್‌ಗೆ ದುಡ್ಡು ಸುರಿಯುವ ಮೊದಲು ಅವನ್ನೊಮ್ಮೆ ಬಿಡಿಸಿ ನೋಡಲಿ.

ಸಾಲದ ಲೆಕ್ಕ ಹಾಕಿ ನೋಡಿ

ಈಗ ಕಷ್ಟದ ಮಾತು. ಸರ್ಕಾರಿ ದೃಶ್ಯಕಲಾ ಕಾಲೇಜಿನ ಶುಲ್ಕ ಸಾಮಾನ್ಯ ಸಂಬಳದ ಮನೆಗೂ ಎಟುಕುವಂಥದ್ದು. ಖಾಸಗಿ ಡಿಸೈನ್ ಕಾಲೇಜುಗಳಲ್ಲಿ ವರ್ಷಕ್ಕೇ ಲಕ್ಷಗಳ ಮಾತು. ಜೊತೆಗೆ ಹಾಸ್ಟೆಲ್, ಲ್ಯಾಪ್‌ಟಾಪ್, ಬಣ್ಣ, ಕಾಗದ, ಪ್ರಿಂಟ್‌ಔಟ್. ಈ ‘ಜೊತೆಗೆ’ ಅನ್ನುವುದು ಯಾವ ಕೈಪಿಡಿಯಲ್ಲೂ ಸರಿಯಾಗಿ ಕಾಣೋದಿಲ್ಲ, ಆದರೆ ತಿಂಗಳು ತಿಂಗಳೂ ಜೇಬಿಗೆ ತಾಗುತ್ತೆ.

ಒಂದು ಲೆಕ್ಕ ಹಾಕೋಣ. 15 ಲಕ್ಷ ಸಾಲ, 10% ಬಡ್ಡಿ, 10 ವರ್ಷದ ಕಂತು ಅಂತಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 19,800 ರೂಪಾಯಿ ಕಟ್ಟಬೇಕು. ಮಗಳಿಗೆ ಒಂದು ಸಣ್ಣ ಸ್ಟುಡಿಯೋದಲ್ಲಿ 25 ಸಾವಿರದ ಕೆಲಸ ಸಿಕ್ಕಿತು ಅಂತಿಟ್ಟುಕೊಂಡರೆ, ಕೈಯಲ್ಲಿ ಉಳಿಯೋದು 5,200. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಗೂ ಸಾಲದು. ಆಗ ಏನಾಗುತ್ತೆ? ಕಲಿಯೋಕೆ ಅವಕಾಶ ಇರುವ ಸಣ್ಣ ಕೆಲಸ ಬಿಟ್ಟು, ಸಾಲ ತೀರಿಸೋಕೆ ಯಾವುದೋ ಕೆಲಸಕ್ಕೆ ಸೇರಿಕೊಳ್ಳುತ್ತಾಳೆ. ನಾಲ್ಕು ವರ್ಷ ಓದಿದ್ದು ಅಲ್ಲಿಗೇ ನಿಲ್ಲುತ್ತೆ. ಸಾಲ ಮಾಡಬೇಡಿ ಅಂತಿಲ್ಲ ನಾನು. ಈ ಲೆಕ್ಕವನ್ನು ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಕಾಗದದ ಮೇಲೆ ಬರೆದು ನೋಡಿ.

ಇನ್ನೊಂದು ದಾರಿಯನ್ನು ಏಜೆಂಟರು ಹೇಳುವುದಿಲ್ಲ. ಕಡಿಮೆ ಶುಲ್ಕದ ಕಾಲೇಜಿನಲ್ಲಿ ಬಿ.ವಿ.ಎ. ಮುಗಿಸಿ, ‘ಸೀಡ್’ ಪರೀಕ್ಷೆ ಬರೆದು ಐಐಟಿಯಲ್ಲಿ ಎಂ.ಡೆಸ್. ಮಾಡಬಹುದು. ಎನ್‌ಐಡಿಯ ಎಂ.ಡೆಸ್.ಗೂ ಪ್ರಯತ್ನಿಸಬಹುದು, ಆಗ ಬೆಂಗಳೂರಿನ ಎನ್‌ಐಡಿಯ ಬಾಗಿಲೂ ತೆರೆಯುತ್ತೆ. 18ನೇ ವಯಸ್ಸಿನಲ್ಲಿ ಸಿಗದ ಸೀಟು 22ರಲ್ಲಿ ಸಿಕ್ಕರೂ ಅದು ಅದೇ ಸಂಸ್ಥೆ, ಅದೇ ಕಾರ್ಯಾಗಾರ, ಅದೇ ಮೇಷ್ಟ್ರುಗಳು.

ಕಾಲೇಜು ನೋಡೋಕೆ ಹೋದಾಗ ರಿಸೆಪ್ಷನ್ನಿನ ಸೋಫಾ ನೋಡಬೇಡಿ. ಇಷ್ಟು ಕೇಳಿ:

ಕೊನೆಯ ವರ್ಷದವರ ಕೆಲಸ ಎಲ್ಲಿ ಹಾಕಿದ್ದೀರಿ, ನೋಡಬಹುದಾ? ವರ್ಷದ ಕೊನೆಯ ಪ್ರದರ್ಶನ ಯಾವಾಗ?

ಪದವಿ ಕೊಡುವುದು ಯಾವ ವಿಶ್ವವಿದ್ಯಾಲಯ? ಅದಕ್ಕೆ ಯುಜಿಸಿ ಮಾನ್ಯತೆ ಇದೆಯಾ, ಇಲ್ಲಾ ಬರೀ ಡಿಪ್ಲೊಮಾ ಸರ್ಟಿಫಿಕೇಟಾ?

ಪಾಠ ಮಾಡುವವರಲ್ಲಿ ಹೊರಗೆ ಕೆಲಸ ಮಾಡಿ ಬಂದವರು ಎಷ್ಟು ಜನ? ಕಾಯಂ ಇರುವವರು ಎಷ್ಟು ಜನ?

ಹೋದ ವರ್ಷ ಇಂಟರ್ನ್‌ಶಿಪ್‌ಗೆ ಹೋದವರು ಎಲ್ಲಿಗೆ ಹೋಗಿದ್ದರು, ಅಲ್ಲಿ ಏನು ಮಾಡಿದರು?

‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂದರೆ, ಯಾವ ಹುದ್ದೆಗೆ ಅಂತ ಕೇಳಿ. ಡಿಸೈನ್ ಓದಿದವರನ್ನು ಫೋನ್ ಎತ್ತುವ ಕೆಲಸಕ್ಕೆ ಕಳಿಸಿದರೂ ಅದನ್ನು ಪ್ಲೇಸ್‌ಮೆಂಟ್ ಅಂತಲೇ ಲೆಕ್ಕ ಹಾಕುವವರಿದ್ದಾರೆ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸಿದರೆ ಅದೇ ಉತ್ತರ ಅಂದುಕೊಂಡು ವಾಪಸ್ ಬನ್ನಿ.

ಕೆಲಸ ಎಲ್ಲೆಲ್ಲಿ?

ಬೆಳಿಗ್ಗೆಯಿಂದ ರಾತ್ರಿವರೆಗೆ ಕೈಗೆ ಸಿಗುವ ವಸ್ತುಗಳನ್ನು ಎಣಿಸಿಕೊಂಡು ಹೋಗಿ, ಪ್ರತಿಯೊಂದರ ಹಿಂದೆಯೂ ಒಬ್ಬ ವಿನ್ಯಾಸಕ ಇದ್ದಾನೆ. ಬೆಣ್ಣೆ ಪೊಟ್ಟಣದ ಅಮುಲ್ ಹುಡುಗಿಯನ್ನು 1966ರಲ್ಲಿ ಬರೆದವರು ಯೂಸ್ಟೇಸ್ ಫರ್ನಾಂಡಿಸ್, ಸಿಲ್ವೆಸ್ಟರ್ ಡಾಕುನ್ಹಾ ಅವರ ಜೊತೆ ಸೇರಿ. ಪ್ರತಿ ಬೆಲೆಪಟ್ಟಿಯ ಮೇಲಿರುವ ರೂಪಾಯಿ ಚಿಹ್ನೆ ಡಿ. ಉದಯಕುಮಾರ್ ಅವರದು. ಐಐಟಿ ಬಾಂಬೆಯ ವಿನ್ಯಾಸ ವಿಭಾಗದಲ್ಲಿ ಓದಿದವರು. ದೇವನಾಗರಿಯ ‘ರ’ ಮತ್ತು ರೋಮನ್ ‘ಆರ್’ ಎರಡನ್ನೂ ಸೇರಿಸಿದ ಅವರ ಚಿಹ್ನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2010ರ ಜುಲೈನಲ್ಲಿ.

ಇವು ದೊಡ್ಡ ಉದಾಹರಣೆಗಳಾದವು. ದಿನನಿತ್ಯದ ಕೆಲಸ ಬೇರೆ ಕಡೆ ಇದೆ: ಪತ್ರಿಕೆ, ಪ್ರಕಾಶನ, ಜಾಹೀರಾತು ಸಂಸ್ಥೆ, ಪ್ಯಾಕೇಜಿಂಗ್, ವಾಚು-ಒಡವೆ, ಜವಳಿ, ಸಿನಿಮಾ ಕಲಾ ವಿಭಾಗ, ಆ್ಯಪ್ ಮತ್ತು ವೆಬ್‌ಸೈಟುಗಳ ಯುಐ-ಯುಎಕ್ಸ್. ಅನಿಮೇಷನ್, ಗೇಮಿಂಗ್‌ಗೆಂದೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ನಮ್ಮದು, 2012ರಲ್ಲಿ. ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಕೆಲಸವೂ ಇದೆ, ಆದರೆ ಖಾಲಿ ಹುದ್ದೆ ಯಾವಾಗ ತುಂಬುತ್ತಾರೆ ಅನ್ನೋದನ್ನು ನಂಬಿ ಕೂರುವಂತಿಲ್ಲ.

ಸಂಬಳ? ಐಟಿ ಕಂಪನಿಗಳ ಯುಎಕ್ಸ್ ಕೆಲಸಕ್ಕೆ ಹೆಚ್ಚು, ಸಣ್ಣ ಸ್ಟುಡಿಯೋ ಮತ್ತು ಪ್ರಕಾಶನಗಳಲ್ಲಿ ಕಡಿಮೆ. ಶುರುವಿನ ಎರಡು ಮೂರು ವರ್ಷ ಎಂಜಿನಿಯರಿಂಗ್ ಓದಿದ ಚಿಕ್ಕಪ್ಪನ ಮಗನ ಜೊತೆ ಹೋಲಿಸಬೇಡಿ, ಮನೆಯ ನೆಮ್ಮದಿ ಹಾಳಾಗುತ್ತೆ. ಈ ಕ್ಷೇತ್ರದಲ್ಲಿ ಏರಿಕೆ ಬರೋದು ಕೆಲಸದ ಕಟ್ಟು ಬೆಳೆದ ಹಾಗೆ.

ಬೋರ್ಡ್ ಬರೆಯುವವರು ಎಲ್ಲಿ ಹೋದರು?

‘ಎಐ ಬಂದುಬಿಟ್ಟಿದೆಯಲ್ಲ, ಇನ್ನು ಯಾಕೆ ಈ ಓದು?’ ಅನ್ನೋದು ಇತ್ತೀಚಿನ ಪತ್ರಗಳ ಹೊಸ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಮೂವತ್ತು ವರ್ಷದ ಹಿಂದೆ ಪ್ರತಿ ಊರಿನಲ್ಲೂ ಬೋರ್ಡ್ ಬರೆಯುವ ಆರ್ಟಿಸ್ಟ್ ಇರುತ್ತಿದ್ದರು. ಅಂಗಡಿ ಹೆಸರು, ಲಾರಿ ಹಿಂಬದಿ, ನಾಟಕದ ಪರದೆ, ಸಿನಿಮಾ ಬ್ಯಾನರ್ ಎಲ್ಲ ಅವರ ಕುಂಚದಲ್ಲೇ. ಫ್ಲೆಕ್ಸ್ ಬಂತು, ಕುಂಚದ ಕೆಲಸ ಕುಸಿಯಿತು. ಅದು ನಿಜವಾದ ನೋವು, ಮುಚ್ಚಿಡೋದು ಬೇಡ. ಈಗಲೂ ಅಷ್ಟೇ. ಹುಟ್ಟುಹಬ್ಬದ ಪೋಸ್ಟರ್, ಹಬ್ಬದ ಶುಭಾಶಯ, ಸುಲಭದ ಲೋಗೋ ಇವನ್ನೆಲ್ಲ ಯಂತ್ರ ಕ್ಷಣದಲ್ಲಿ ಮಾಡಿ ಬಿಸಾಕುತ್ತೆ. ಬರೀ ಸಾಫ್ಟ್‌ವೇರ್ ಒತ್ತೋದನ್ನು ಮಾತ್ರ ಕಲಿತವರಿಗೆ ಮುಂದೆ ಕಷ್ಟವಿದೆ. ಆರು ತಿಂಗಳಲ್ಲಿ ನಾಲ್ಕು ಸಾಫ್ಟ್‌ವೇರ್ ಕಲಿಸಿ ‘ಡಿಸೈನರ್ ಆದಿರಿ’ ಅನ್ನುವ ಕೋರ್ಸುಗಳ ಬಗ್ಗೆ ಅದಕ್ಕೇ ಹುಷಾರು ಅನ್ನೋದು.

ಆದರೆ ಒಬ್ಬ ಹೆಣ್ಣುಮಗಳು ಮನೆಯಲ್ಲಿ ಚಕ್ಕುಲಿ ಮಾಡಿ ಮಾರುತ್ತಾಳೆ, ಅವಳಿಗೊಂದು ಲೇಬಲ್ ಬೇಕು ಅಂದುಕೊಳ್ಳಿ. ಪೊಟ್ಟಣಕ್ಕೆ ಎಣ್ಣೆ ಜಿನುಗುತ್ತಾ? ತೂಕ, ಬೆಲೆ, ತಯಾರಿಸಿದ ದಿನ, ಎಫ್‌ಎಸ್‌ಎಸ್‌ಎಐ ನಂಬರ್, ಸಸ್ಯಾಹಾರದ ಹಸಿರು ಗುರುತು ಇಷ್ಟನ್ನೂ ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಕೂರಿಸೋದು? ಐನೂರೇ ಲೇಬಲ್ ಬೇಕಾದರೆ ಎಷ್ಟು ಬಣ್ಣಕ್ಕೆ ಅವಳ ಕೈಯಲ್ಲಿ ದುಡ್ಡಿದೆ? ಪರದೆ ಮೇಲೆ ಕಂಡ ಕೇಸರಿ ಮುದ್ರಣದಲ್ಲಿ ಮಂಕಾಗುತ್ತಲ್ಲ, ಏನು ಮಾಡೋದು? ಮಂದ ಬೆಳಕಿನ ಅಂಗಡಿಯಲ್ಲಿ ಅರವತ್ತು ದಾಟಿದ ಅಜ್ಜಿಗೆ ಓದೋಕಾಗುತ್ತಾ? ಇದಕ್ಕೆ ಆ ಹೆಣ್ಣುಮಗಳ ಅಡುಗೆಮನೆಗೂ ಹೋಗಬೇಕು, ಪ್ರೆಸ್ಸಿಗೂ ಹೋಗಬೇಕು, ಅಂಗಡಿ ಮುಂದೆಯೂ ನಿಲ್ಲಬೇಕು. ಇದೇ ಚೊಂಬಿನ ಪ್ರಶ್ನೆಗಳ ಪಟ್ಟಿ, ಬೇರೆ ರೂಪದಲ್ಲಿ.

ಕನ್ನಡ ಗೊತ್ತಿರೋದೂ ಇಲ್ಲಿ ಒಂದು ಬಂಡವಾಳ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಮಾಡಿದ ಆ್ಯಪ್‌ಗಳಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುವುದನ್ನು ನೋಡಿದ್ದೀರಲ್ಲ? ‘ರಾಷ್ಟ್ರ’ ಅಂತ ಬರೆಯಿರಿ, ಸಾಲಿನ ಕೆಳಗೆ ಎರಡು ಒತ್ತು ಇಳಿಯುತ್ತವೆ. ಅದಕ್ಕೆ ಸಾಲುಗಳ ನಡುವೆ ಜಾಗ ಬೇಕು. ಇದು ಗೊತ್ತಾಗಬೇಕಾದರೆ ಕನ್ನಡ ಓದುವ ಕಣ್ಣು ಬೇಕು. ‘ಬಾಲೂ ತಮ್ಮ’, ‘ಅನೇಕ್ ಕನ್ನಡ’ದಂಥ ಒಳ್ಳೆಯ ಅಕ್ಷರಗಳು ಈಗ ಉಚಿತವಾಗಿ ಸಿಗುತ್ತವೆ, ಆದರೆ ಇಂಗ್ಲಿಷಿಗೆ ಇರುವ ರಾಶಿಯ ಮುಂದೆ ಇವು ಕೈಬೆರಳೆಣಿಕೆ. ಹಳ್ಳಿಯಿಂದ ಬಂದ ಕನ್ನಡ ಮಾಧ್ಯಮದ ಹುಡುಗ ‘ನಂಗೆ ಇಂಗ್ಲಿಷ್ ಬರಲ್ಲ’ ಅಂತ ಹಿಂದೆ ಕೂರಬೇಕಾಗಿಲ್ಲ. ಇಂಗ್ಲಿಷ್ ಕಲಿಯಬಹುದು. ಒತ್ತಕ್ಷರ ಗೊತ್ತಿರುವ ಕಣ್ಣು ಅಷ್ಟು ಸುಲಭಕ್ಕೆ ಬರೋದಿಲ್ಲ.

ಈಗಿನಿಂದ ಏನು ಮಾಡಬೇಕು?

ಮಗಳು ಪಿಯುಸಿಯಲ್ಲಿದ್ದರೆ ಒಂದು ಗೆರೆ ಇಲ್ಲದ ನೋಟ್‌ಬುಕ್ ಕೊಡಿಸಿ. ಸಿನಿಮಾ ನಟರ ಮುಖ ನೋಡಿ ನಕಲು ಮಾಡೋದು ಸಾಕು. ಮನೆಯಲ್ಲಿ, ಬೀದಿಯಲ್ಲಿ ‘ಇದು ಸರಿ ಇಲ್ಲ’ ಅನ್ನಿಸುವ ಹತ್ತು ವಸ್ತು ಪಟ್ಟಿ ಮಾಡಲಿ. ಓದೋಕೆ ಬಾರದ ಬಸ್ ವೇಳಾಪಟ್ಟಿ, ಅಜ್ಜನಿಗೆ ಗೊಂದಲವಾಗುವ ಎರಡು ಮಾತ್ರೆ ಚೀಟಿ, ಎಣ್ಣೆ ಸುರಿಯುವಾಗ ಚೆಲ್ಲುವ ಕ್ಯಾನ್. ಒಂದೊಂದನ್ನೇ ತಗೊಂಡು, ಬಳಸುವವರನ್ನು ಮಾತಾಡಿಸಿ, ಮೂರು ನಾಲ್ಕು ಥರ ಬರೆದು ನೋಡಲಿ. ಹಳ್ಳಿಯಲ್ಲಿದ್ದರೆ ಕುಂಬಾರರ, ನೇಕಾರರ, ಬಡಗಿಗಳ ಹತ್ತಿರ ಒಂದು ವಾರ ಕೂತು ನೋಡಲಿ. ಚನ್ನಪಟ್ಟಣ, ಇಳಕಲ್ಲು, ಬೀದರಿನ ಕಡೆಯವರಾದರೆ ಕೇಳೋದೇ ಬೇಡ, ಶಾಲೆ ಮನೆ ಪಕ್ಕದಲ್ಲೇ ಇದೆ.

ತಪ್ಪಾಗಿ ಬಂದ ಹಾಳೆಗಳನ್ನು ಹರಿಯದಂತೆ ನೋಡಿಕೊಳ್ಳಿ. ಕೆಲಸ ಕೊಡುವವರು ಪೋರ್ಟ್‌ಫೋಲಿಯೋ, ಅಂದರೆ ಕೆಲಸದ ಕಟ್ಟು, ತೆರೆದು ಮೊದಲು ಹುಡುಕೋದು ಇದನ್ನೇ: ಎಲ್ಲಿಂದ ಹೊರಟಳು, ಎಲ್ಲಿ ಬದಲಾಯಿಸಿದಳು, ಯಾಕೆ? ಮುಗಿದ ಚೆಂದದ ಚಿತ್ರ ಒಂದೇ ಇದ್ದರೆ ಅದು ಅವಳದೋ ಯಂತ್ರದ್ದೋ ಹೇಳೋಕಾಗದ ಕಾಲ ಇದು.

ಇದೆಲ್ಲ ಮಾಡೋಕೆ ಮಗುವಿಗೆ ಬೇಜಾರಾದರೆ, ಬಣ್ಣದ ಜೊತೆ ಒಬ್ಬಳೇ ಇರೋದೇ ಇಷ್ಟ ಅಂದರೆ, ಅದೂ ಒಳ್ಳೆ ಸುದ್ದಿಯೇ. ಅವಳದು ಲಲಿತಕಲೆಯ ದಾರಿ ಇರಬಹುದು. ಇಲ್ಲವೇ ಬೇರೆ ಓದಿನ ಜೊತೆ ಚಿತ್ರವನ್ನು ಹವ್ಯಾಸವಾಗಿ ಉಳಿಸಿಕೊಳ್ಳಬಹುದು. ಅದು ಕಾಲೇಜಿಗೆ ಹಣ ಕಟ್ಟುವ ಮೊದಲೇ ಗೊತ್ತಾಗೋದು ಒಳ್ಳೆಯದು.

ಇನ್ನು ‘ಸುತರಾಂ ಇಷ್ಟವಿಲ್ಲ’ ಅನ್ನುವ ಅಪ್ಪಂದಿರಿಗೆ ಒಂದು ಮಾತು. ಸ್ವಾಮಿ, ಮಗಳ ಜೊತೆ ವಾದ ಮಾಡೋದಕ್ಕಿಂತ ಅವಳಿಗೊಂದು ಕೆಲಸ ಕೊಡಿ. ನಿಮ್ಮ ಅಂಗಡಿಯ ಬಿಲ್ಲೋ, ಸಂಘದ ಆಹ್ವಾನ ಪತ್ರಿಕೆಯೋ, ಅಡಿಕೆ ಚೀಲದ ಗುರುತೋ ಏನಾದರೂ ಸರಿ. ಹದಿನೈದು ದಿನ ಸಮಯ ಕೊಟ್ಟು, ‘ಇಷ್ಟೇ ಖರ್ಚು, ಇಂಥವರು ಓದಬೇಕು’ ಅಂತ ಹೇಳಿ. ತಂದು ತೋರಿಸಿದಾಗ ಚೆನ್ನಾಗಿದೆಯಾ ಇಲ್ಲವಾ ಅಂತ ನೋಡಬೇಡಿ. ‘ಯಾಕೆ ಹೀಗೆ ಮಾಡಿದೆ?’ ಅಂತ ಕೇಳಿ. ಅವಳ ಹತ್ತಿರ ಉತ್ತರ ಇದ್ದರೆ, ಯಾವ ಕಾಲೇಜು ಅನ್ನುವ ಚರ್ಚೆಗೆ ನೀವೂ ಕುರ್ಚಿ ಎಳೆದುಕೊಂಡು ಕೂರಬಹುದು.